ಬಾಣಫಲವಿಚಾರ: ದೂರಲಕ್ಷ್ಯ, ಮೃಗಯೆ ಮತ್ತು ನಮ್ಮ ಟಿಪ್ಪಣಿಗಳು

ಸಂಸ್ಕೃತದ ಮಹಾಕಾವ್ಯಗಳಿಗಾಗಲಿ ಕನ್ನಡದ ಚಂಪೂಗ್ರಂಥಗಳಿಗಾಗಲಿ ವಿದ್ಯಾರ್ಥಿಗಳ ಉಪಯೋಗಾರ್ಥವಾಗಿ ಅಚ್ಚಾಗಿರುವ ಟಿಪ್ಪಣಿಗಳನ್ನು ತೆರೆದು ನೋಡಿದರೆ, ಕ್ಷುರಪ್ರ, ಭಲ್ಲ, ನಾರಾಚ, ಅರ್ಧಚಂದ್ರ, ವತ್ಸದಂತ ಮುಂತಾದ ಶಬ್ದಗಳು ಬಂದೆಡೆಗಳಲ್ಲಿ ಬಹುಮಟ್ಟಿಗೆ ‘ಬಾಣವಿಶೇಷ’ ಎಂಬ ಒಂದೇ ಅರ್ಥವನ್ನು ಕಾಣುವೆವು. ಅರ್ಥವು ಸುಳ್ಳಲ್ಲ, ಆದರೆ ನಿಷ್ಪ್ರಯೋಜಕವಾದುದು. ಗೋಧಿ, ರಾಗಿ, ನವಣೆ ಎಂಬ ಮೂರಕ್ಕೂ ‘ಧಾನ್ಯವಿಶೇಷ’ವೆಂದು ಬರೆದವನು ಅಡುಗೆಯ ವಿಚಾರವನ್ನು ತಿಳಿಸಿದವನಾಗುವುದಿಲ್ಲವಷ್ಟೆ. ಕವಿಯು ಹೆಸರಿಟ್ಟು ಹೇಳಿದ ಅಂಬಿನ ಅಲಗು ಎಂತಹುದು, ಅದನ್ನೇ ಅವನು ಆರಿಸಿಕೊಂಡುದೇತಕ್ಕೆ, ಗುರಿಯು ಹತ್ತಿರವೋ ದೂರವೋ ಎಂಬುದನ್ನು ವಿಚಾರಿಸದೆ ಮುಂದೆ ಸಾಗಿದರೆ ಕೆಲವೆಡೆಗಳಲ್ಲಿ ಪದ್ಯದ ತಾತ್ಪರ್ಯವೇ ತಪ್ಪಿಹೋಗುವುದೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಮೃಗಯೆಯು 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಶಾಸನದಿಂದ ನಮ್ಮ ದೇಶದಲ್ಲಿ ನಿಷಿದ್ಧವಾಗಿರುವುದರಿಂದ ಈ ವಿಚಾರವು ನಮಗೆ ಗ್ರಂಥಗತವಾದುದು ಮಾತ್ರ. ಆದುದರಿಂದಲೇ ಗ್ರಂಥವನ್ನು ಸರಿಯಾಗಿ ಓದುವ ಹೊಣೆಯು ಹೆಚ್ಚಾಗಿರುವುದು.

ಈ ಅನಾದರಕ್ಕೆ ಮೂಲವು ಕೋಶಗಳಲ್ಲಿದೆಯೆಂದು ನಮಗೆ ತೋರುವುದು. ಅಮರಸಿಂಹನು ಬಾಣಕ್ಕೆ ಪೃಷತ್ಕ, ವಿಶಿಖ, ಅಜಿಹ್ಮಗ, ಆಶುಗ, ಮಾರ್ಗಣ ಮೊದಲಾದ ಹನ್ನೆರಡು ಪರ್ಯಾಯಗಳನ್ನು ಕೊಟ್ಟು, ಪೂರ್ತಿ ಕಬ್ಬಿಣದ ಬಾಣಕ್ಕೆ ನಾರಾಚ, ಪ್ರಕ್ಷ್ವೇಡನ ಎಂಬೆರಡನ್ನು ಬೇರೆಯಾಗಿ ಹೇಳಿ, ಗರಿಯ ಹೆಸರನ್ನೂ ವಿಷ ಬಳಿದ ಬಾಣದ ಹೆಸರನ್ನೂ ಹೇಳಿ ಬತ್ತಳಿಕೆಗೆ ಹೋಗಿಬಿಡುವನು. ಫಲಭೇದವನ್ನು, ಎಂದರೆ ಅಲಗಿನ ಬಗೆಗಳನ್ನು, ಅವನು ಅಲ್ಲಿ ಎತ್ತುವುದಿಲ್ಲ. ಬಾಲ್ಯದಲ್ಲಿ ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಅಮರವನ್ನು ಬಾಯಿಪಾಠಮಾಡಿದವರಿಗೆಲ್ಲ ಬಾಣವೆಂದರೆ ಹನ್ನೆರಡು ಹೆಸರುಳ್ಳ ಒಂದೇ ವಸ್ತುವೆಂಬ ಸಂಸ್ಕಾರವು ಬಲವಾಗಿ ನಿಂತಿರುವುದು ಸಹಜ. ಅಮರನ ದಾರಿಯಲ್ಲೇ ನಡೆದ ನಮ್ಮ ನಿಘಂಟುಕಾರರಿಂದಲೂ ಈ ಕೊರತೆಯು ತುಂಬಲಿಲ್ಲ.

ಕೊರತೆಯನ್ನು ತುಂಬುವ ಗ್ರಂಥಗಳು ಬೇರೆ ಇವೆ. 1363ರಲ್ಲಿ ಸಂಕಲಿತವಾದ ಶಾರ್ಙ್ಗಧರಪದ್ಧತಿಯ ಧನುರ್ವೇದಭಾಗವೂ, ವಸಿಷ್ಠನ ಹೆಸರಿನಿಂದ ಪ್ರಚಲಿತವಾಗಿರುವ ಧನುರ್ವೇದಸಂಹಿತೆಯೂ ಈ ವಿಷಯದಲ್ಲಿ ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತವೆ. ಅವು ಆರಾಮುಖ, ಕ್ಷುರಪ್ರ, ಗೋಪುಚ್ಛ, ಅರ್ಧಚಂದ್ರ, ಸೂಚೀಮುಖ, ಭಲ್ಲ, ವತ್ಸದಂತ, ದ್ವಿಭಲ್ಲ, ಕರ್ಣಿಕ, ಕಾಕತುಂಡ ಎಂದು ಹತ್ತು ಫಲಗಳನ್ನು ಹೆಸರಿಸಿ, ದೇಶದೇಶಗಳಲ್ಲಿ ಇನ್ನೂ ನಾನಾರೂಪಗಳಿರುವುವೆಂದು ಒಪ್ಪಿಕೊಳ್ಳುತ್ತವೆ. ಭಾರತದಲ್ಲಿ ಕರ್ಣನ ತಲೆಯನ್ನು ಕತ್ತರಿಸಿದ ಅಂಜಲಿಕವು ಈ ಹತ್ತರಲ್ಲಿ ಸೇರಿಲ್ಲವಾದುದರಿಂದ ಆ ಒಪ್ಪಿಗೆಯು ಉಚಿತವಾದುದೇ. ಬಳಿಕ ಪದ್ಧತಿಕಾರನು ಆರಾಮುಖದಿಂದ ತೊಗಲನ್ನೂ, ಕ್ಷುರಪ್ರದಿಂದ ಬಿಲ್ಲನ್ನೂ, ಸೂಚೀಮುಖದಿಂದ ಕವಚವನ್ನೂ, ಅರ್ಧಚಂದ್ರದಿಂದ ತಲೆಯನ್ನೂ, ಭಲ್ಲದಿಂದ ಹೃದಯವನ್ನೂ, ದ್ವಿಭಲ್ಲದಿಂದ ಹೆದೆ ಮತ್ತು ಎದುರುಬಾಣಗಳನ್ನೂ, ಕಾಕತುಂಡದಿಂದ ಲೋಹವನ್ನೂ, ಗೋಪುಚ್ಛದಿಂದ ಲಕ್ಷ್ಯವನ್ನೂ ಹೊಡೆಯತಕ್ಕುದೆಂದು ವಿಭಾಗಿಸಿರುವನು. ಅಲಗಿಗೆ ಪಾನ ಕೊಡುವ ಕ್ರಮವನ್ನೂ ಬಿಟ್ಟಿಲ್ಲ: ಪಿಪ್ಪಲಿ, ಸೈಂಧವಲವಣ, ಕುಷ್ಠಗಳನ್ನು ಗೋಮೂತ್ರದಲ್ಲಿ ಅರೆದು ಬಳಿದು, ಬೆಂಕಿಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ಅದ್ದುವುದು.

ಇಲ್ಲಿ ಗಮನಿಸತಕ್ಕ ಸಂಗತಿಯೇನೆಂದರೆ, ಫಲವನ್ನು ಗುರಿಯ ದ್ರವ್ಯಕ್ಕೆ ತಕ್ಕಂತೆ ಆರಿಸಬೇಕೆಂದು ಹೇಳಿದ ಶಾಸ್ತ್ರಕಾರನು ದೂರದ ವಿಚಾರವನ್ನು ಫಲದಲ್ಲಿ ಇಡದೆ ಕೋಲಿನಲ್ಲಿ ಇಟ್ಟಿರುವನು. ಮುಂಭಾಗದಲ್ಲಿ ದಪ್ಪವಾದುದು ಸ್ತ್ರೀಶರ, ಹಿಂಭಾಗದಲ್ಲಿ ದಪ್ಪವಾದುದು ಪುರುಷಶರ, ಎರಡು ಕಡೆಯೂ ಸಮನಾದುದು ನಪುಂಸಕಶರ. ಸ್ತ್ರೀಶರವು ದೂರಕ್ಕೆ ಹೋಗಿ ಬೀಳುವುದು; ಪುರುಷಶರವು ಗಟ್ಟಿಯಾದುದನ್ನು ಭೇದಿಸುವುದು; ನಪುಂಸಕಶರವು ಲಕ್ಷ್ಯಸಾಧನೆಗೆ ಪ್ರಶಸ್ತ. ಈ ಲಿಂಗವಿಭಾಗವನ್ನು ಕಂಡು ನಕ್ಕು ಬಿಡುವವರಿದ್ದಾರೆ. ನಗುವುದಕ್ಕೆ ಮುಂಚೆ ಇಂದಿನ ಬಿಲ್ಗಾರರು ಏನು ಹೇಳುವರೆಂಬುದನ್ನು ಕೇಳಬೇಕು. ಅಂಬಿನ ಭಾರದ ಕೇಂದ್ರವು ನಡುವಿಗಿಂತ ತುಸು ಮುಂದಕ್ಕಿದ್ದರೆ ಹಿಂದಿನ ಗರಿಗಳು ಅಂಬನ್ನು ಬೇಗ ನೇರಕ್ಕೆ ತರುವುವೆಂದೂ, ದೂರದ ಹಾದಿಯಲ್ಲಿ ಅದು ಅಲುಗಾಡದೆ ಸಾಗುವುದೆಂದೂ ಅವರು ತಮ್ಮ ಅನುಭವದಿಂದ ಹೇಳುತ್ತಾರೆ. ಮುಂಭಾಗವನ್ನು ದಪ್ಪಮಾಡಿದ ಕೋಲಿಗೆ ಭಾರವು ಮುಂದಕ್ಕೆ ಸರಿಯುವುದು ಸ್ವತಸ್ಸಿದ್ಧ. ಶಾಸ್ತ್ರಕಾರನ ಪರಿಭಾಷೆ ಬೇರೆ, ಕಾಣ್ಕೆ ಅದೇ.

ಆದರೆ ದೂರವೂ ಬೇಕು, ಕರಾರುವಾಕ್ಕಾಗಿ ತಾಗುವುದೂ ಬೇಕು, ತಾಗಿದ ಮೃಗವು ತತ್ಕ್ಷಣ ಬೀಳುವುದೂ ಬೇಕು ಎಂದರೆ ಏನು ಮಾಡತಕ್ಕುದು? ಇಲ್ಲಿಯೇ ಬೇಟೆಗಾರನ ಸಂಕಟವಿರುವುದು. ಅಗಲವಾದ ಅಲಗು ಗಾಯವನ್ನು ಹಿರಿದುಮಾಡುವುದು, ರಕ್ತವನ್ನು ಬೇಗ ಹರಿಸುವುದು; ಹಾರುವಾಗ ಮಾತ್ರ ಅದೇ ಅಗಲವು ಮುಂದುಗಡೆಯ ರೆಕ್ಕೆಯಂತಾಗಿ ಗಾಳಿಯನ್ನು ಹಿಡಿಯುವುದು. ಹಿಂದಿನ ಗರಿಯು ಒಂದು ಕಡೆಗೆ ಎಳೆದರೆ ಮುಂದಿನ ಅಲಗು ಮತ್ತೊಂದು ಕಡೆಗೆ ತಿರುಗಿಸುವುದು. ಅಲಗನ್ನು ಕೋಲಿಗೆ ಕೂರಿಸಿದುದರಲ್ಲಿ ಕೂದಲೆಳೆಯಷ್ಟು ಓರೆಯಿದ್ದರೂ ಹತ್ತಿರದಲ್ಲಿ ತೋರದ ದೋಷವು ದೂರದಲ್ಲಿ ಮೊಳಗಟ್ಟಲೆ ತೋರುವುದು. ಸೂಜಿಯಂತಹ ಮೊನೆಗೆ ಈ ತೊಂದರೆಯಿಲ್ಲ. ಆದರೆ ಅದು ಮಾಡಿದ ಗಾಯದಿಂದ ಮೃಗವು ಗಾವುದ ಓಡಿ ಪೊದೆಯಲ್ಲಿ ನರಳಿ ಸಾಯುವುದು. ಆದುದರಿಂದ ಲಕ್ಷ್ಯಕ್ಕೆ ಗೋಪುಚ್ಛ, ಹೃದಯಕ್ಕೆ ಭಲ್ಲ ಎಂದು ಶಾಸ್ತ್ರವು ಬೇರೆ ಬೇರೆ ವಿಧಿಸಿರುವುದು ಲೇಖಕನ ಲಹರಿಯಲ್ಲ, ಕಮ್ಮಾರನೂ ಬೇಡನೂ ಕೂಡಿ ಕಂಡುಕೊಂಡ ಮಾತೆಂದು ನಾವು ಭಾವಿಸುವೆವು.

ಗೋಪುಚ್ಛವೆಂಬ ಹೆಸರಿನ ವಿಷಯದಲ್ಲಿ ಒಂದು ಮಾತು. ಹಸುವಿನ ಬಾಲದ ತುದಿಯಲ್ಲಿ ಕುಚ್ಚು ಇರುವುದರಿಂದ ಈ ಫಲವು ತುದಿಯಲ್ಲಿ ಅಗಲವಾದುದೆಂದು ಕೆಲವರು ಊಹಿಸಬಹುದು. ನಾಟ್ಯಶಾಸ್ತ್ರದಲ್ಲಿ ಕಾವ್ಯಬಂಧವು ಗೋಪುಚ್ಛಾಗ್ರದಂತಿರಬೇಕೆಂದು ಹೇಳಿರುವುದಕ್ಕೂ ಎರಡು ವ್ಯಾಖ್ಯಾನಗಳು ಹುಟ್ಟಿದುವು. ಅಂಕಗಳು ಕ್ರಮವಾಗಿ ಸಣ್ಣವಾಗುತ್ತ ಬರಬೇಕೆಂದು ಕೆಲವರು, ಬಾಲದ ಕೂದಲುಗಳಲ್ಲಿ ಕೆಲವು ಗಿಡ್ಡ ಕೆಲವು ಉದ್ದವಿರುವಂತೆ ಕಾರ್ಯಗಳೂ ಬೇಗನೆ ಅಥವಾ ತಡವಾಗಿ ಮುಗಿಯಬೇಕೆಂದು ಮತ್ತೆ ಕೆಲವರು ಹೇಳುವುದನ್ನು ಸಾಹಿತ್ಯದರ್ಪಣಕಾರನು ಉಲ್ಲೇಖಿಸಿರುವನು. ಸಂಗೀತಶಾಸ್ತ್ರದಲ್ಲಿ ಗೋಪುಚ್ಛಯತಿಯೆಂದರೆ ವಿಸ್ತಾರದಿಂದ ಸಣ್ಣದಕ್ಕೆ ಇಳಿಯುವುದೆಂಬುದರಲ್ಲಿ ವಿವಾದವಿಲ್ಲ. ಬಾಣದ ವಿಷಯದಲ್ಲಿ ಈ ಇಳಿಯುವ ಅರ್ಥವೇ ಹೊಂದುವುದು; ಲಕ್ಷ್ಯವೇಧಕ್ಕೆ ಬೇಕಾದುದು ಗಾಳಿಗೆ ಮೈಗೊಡದ, ಬುಡದಿಂದ ಮೊನೆಗೆ ಸಣ್ಣಗಾಗುತ್ತ ಹೋಗುವ ಆಕಾರವಷ್ಟೆ.

ದೂರದ ಪ್ರಮಾಣವನ್ನೂ ಧನುರ್ವೇದವು ಹೇಳುವುದು. ಸಾಮಾನ್ಯಶರಗಳಿಗೆ 60 ಧನುಸ್ಸುಗಳ ಅಂತರವು ಉತ್ತಮ, 40 ಮಧ್ಯಮ, 20 ಅಧಮ. ನಾರಾಚಗಳಿಗಾದರೆ 40, 30, 16. ಧನುಸ್ಸೆಂದರೆ ನಾಲ್ಕು ಮೊಳ, ಸುಮಾರು 6 ಅಡಿ. ಆದುದರಿಂದ 60 ಧನುಸ್ಸು ಸುಮಾರು 360 ಅಡಿಯಾಯಿತು. ಸರ್ವಲೋಹಮಯವಾದ ನಾರಾಚಕ್ಕೆ ನಾಲ್ಕರ ಬದಲು ಐದು ಅಗಲವಾದ ಗರಿಗಳನ್ನು ವಿಧಿಸಿ, ದೂರವನ್ನು ಮೂರರಲ್ಲೊಂದು ಪಾಲು ಇಳಿಸಿರುವುದನ್ನು ನೋಡಿದರೆ, ಭಾರ, ಗರಿ, ದೂರ ಈ ಮೂರರ ಸಂಬಂಧವನ್ನು ಶಾಸ್ತ್ರಕಾರನು ಚೆನ್ನಾಗಿ ಬಲ್ಲವನೆಂದು ತಿಳಿಯುವುದು. ಇವು ಶ್ರಮಸ್ಥಾನದಲ್ಲಿ ನೆಟ್ಟ ಲಕ್ಷ್ಯಕ್ಕೆ ಹೇಳಿದ ಅಳತೆಗಳೆಂಬುದನ್ನು ಮರೆಯಬಾರದು. ಇವನ್ನೇ ಹಿಡಿದು, ಕಾವ್ಯದ ರಾಜನು 360 ಅಡಿಯಿಂದ ಜಿಂಕೆಯನ್ನು ಹೊಡೆದನೆಂದು ಲೆಕ್ಕ ಹಾಕುವುದು ಸಾಧುವಲ್ಲ. ನೆಟ್ಟ ಹಲಗೆಯು ಓಡುವುದಿಲ್ಲ.

ಇನ್ನು ಕಾವ್ಯಗಳಿಗೆ ಬರುವ. ಮೊದಲು ಎಲ್ಲರಿಗೂ ಗೊತ್ತಿರುವ ಕಥೆಯನ್ನೇ ತೆಗೆದುಕೊಳ್ಳಬಹುದು. ದ್ರೋಣನು ಶಿಷ್ಯರನ್ನು ಪರೀಕ್ಷಿಸಿದಾಗ ಅರ್ಜುನನು ಹಕ್ಕಿಯ ಕಣ್ಣನ್ನು ಮಾತ್ರ ಕಂಡನೆಂದು ನಮ್ಮ ಮಕ್ಕಳು ಓದುವರು, ಉಪನ್ಯಾಸಕರು ಹೇಳುವರು. ವ್ಯಾಸಭಾರತದ ಆದಿಪರ್ವದಲ್ಲಿ ಕಣ್ಣಿನ ಮಾತಿಲ್ಲ. ಶಿಲ್ಪಿಗಳು ಮಾಡಿದ ಭಾಸಪಕ್ಷಿಯನ್ನು ಮರದ ತುದಿಯಲ್ಲಿರಿಸಿ ಅದರ ತಲೆಯನ್ನು ಕೆಡಹಬೇಕೆಂಬುದು ಗುರುವಿನ ಆಜ್ಞೆ. ತಲೆಯನ್ನು ಕಾಣುವೆನು, ಮೈಯನ್ನು ಕಾಣೆನೆಂಬುದು ಶಿಷ್ಯನ ಉತ್ತರ. ಬಳಿಕ ಅವನು ತಲೆಯನ್ನು ಕತ್ತರಿಸಿದುದು ಕ್ಷುರದಿಂದ, ಎಂದರೆ ಕ್ಷೌರದ ಕತ್ತಿಯಂತಹ ಬಾಯುಳ್ಳ ಅಲಗಿನಿಂದ. ಕಥೆಯು ಕಾಲಕ್ರಮದಲ್ಲಿ ತಲೆಯಿಂದ ಕಣ್ಣಿಗೆ ಇಳಿದಾಗ ಅಂಬು ಕೂಡ ತಿಳಿಯದಂತೆ ಬದಲಾಯಿತು. ಕಣ್ಣನ್ನು ಚುಚ್ಚುವುದಕ್ಕೆ ಮೊನೆ ಬೇಕು. ಕೊರಳನ್ನು ಕತ್ತರಿಸುವುದಕ್ಕೆ ಬಾಯಿ ಬೇಕು. ಅಗಲವಾದ ಕ್ಷುರವನ್ನು ಎತ್ತರದ ಸಣ್ಣ ಗುರಿಗೆ ತಪ್ಪದೆ ನಡಸಿದನೆಂಬುದರಲ್ಲಿಯೇ ಅರ್ಜುನನ ಹೆಚ್ಚುಗಾರಿಕೆಯಿರುವುದು. ವಿವೇಕವನ್ನು ಏಕಾಗ್ರತೆಯ ಉಪದೇಶವಾಗಿ ಮಾರ್ಪಡಿಸಿಕೊಂಡ ಲೋಕವು ಬಿಲ್ವಿದ್ಯೆಯ ಭಾಗವನ್ನು ಕೈಬಿಟ್ಟಿತು.

ಕನ್ನಡ ಕಾವ್ಯಗಳ ವಿಷಯದಲ್ಲಿ ಅತಿವ್ಯಾಪ್ತಿಯಾಗದಂತೆ ಎಚ್ಚರವಹಿಸಬೇಕು. ನಮ್ಮ ಸಂಗ್ರಾಮವರ್ಣನೆಗಳಲ್ಲಿ ಆಯುಧಗಳ ಹೆಸರುಗಳು ಹಲವು ವೇಳೆ ಮಾಲೆಯಾಗಿ ಬರುವುವು. ಅಲ್ಲಿ ಪ್ರಾಸವೂ ಓಟವೂ ಕವಿಗೆ ಮುಖ್ಯ. ಅಂತಹ ಮಾಲೆಯ ಒಂದೊಂದು ಮಣಿಗೂ ಶಾರ್ಙ್ಗಧರನ ವಾಕ್ಯವನ್ನು ಪೋಣಿಸಹೊರಟ ವಿಮರ್ಶಕನು ಕವಿಗೂ ಅಪಚಾರಮಾಡುವನು, ಶಾಸ್ತ್ರಕ್ಕೂ ಅಪಚಾರಮಾಡುವನು. ಆದರೆ ಕವಿಯು ಒಂದು ಅಲಗನ್ನು ಹೆಸರಿಸಿ, ಅದು ತಾಗಿದ ಸ್ಥಾನವನ್ನೂ ಹೆಸರಿಸಿದನೆಂದರೆ, ಅಲ್ಲಿ ಪರೀಕ್ಷೆಗೆ ಎಡೆಯುಂಟು. ಎರಡು ಪಾಠಾಂತರಗಳು ಸಮಾನಬಲದವಾಗಿ ತೋರಿದಾಗ, ಬಿಲ್ಲು ಕತ್ತರಿಸಿತೆಂಬಲ್ಲಿ ಸೂಚೀಮುಖದ ಪಾಠಕ್ಕಿಂತ ಕ್ಷುರಪ್ರದ ಪಾಠವನ್ನು ಎತ್ತಿಹಿಡಿಯುವುದಕ್ಕೆ ಇದೂ ಒಂದು ಸಾಧನವಾಗಬಲ್ಲುದು. ತಿಳಿಗನ್ನಡದಲ್ಲಿಯೇ ಈ ಭೇದಕ್ಕೆ ಬೇಕಾದ ಮಾತುಗಳಿವೆ: ಚುಚ್ಚುವುದು ಮೊನೆ, ಕೊಯ್ಯುವುದು ಅಲಗು. ‘ಬಾಣವಿಶೇಷ’ಕ್ಕೆ ಬದಲಾಗಿ ಸೂಚೀಮುಖಕ್ಕೆ ‘ಸೂಜಿಮೊನೆಯ ಅಂಬು’, ಕ್ಷುರಪ್ರಕ್ಕೆ ‘ಕತ್ತಿಬಾಯಿಯ ಅಂಬು’ ಎಂದು ಬರೆದರೆ ಮುದ್ರಣದಲ್ಲಿ ಹೆಚ್ಚು ಸ್ಥಳವೇನೂ ಬೇಕಾಗುವುದಿಲ್ಲ.

ಕನ್ನಡನಾಡಿನ ಬೇಟೆಯಲ್ಲಿ ದೂರದ ಎಸುಗೆಗೆ ಎಷ್ಟು ಎಡೆಯಿದ್ದಿತೆಂಬುದೂ ವಿಚಾರಣೀಯ. ನಮ್ಮ ಕಾವ್ಯಗಳ ಬೇಡರು ಬಲೆಯೊಡ್ಡಿ, ಸೋವಿ, ನಾಯಿಗಳನ್ನು ಬಿಟ್ಟು ಮೃಗವನ್ನು ಸಮೀಪಕ್ಕೆ ತಂದುಕೊಳ್ಳುವವರು. ಇದಕ್ಕೆ ಕಲ್ಲಿನ ಸಾಕ್ಷ್ಯವೊಂದು ದಂಡಿನ ಪ್ರದೇಶಕ್ಕೆ ಸಮೀಪದಲ್ಲಿಯೇ ಇರುವುದು. ಶಿವಾಜಿನಗರದಿಂದಲೋ ಹಲಸೂರಿನಿಂದಲೋ ಹೊರಟ ಅಧ್ಯಾಪಕನು ವಿದ್ಯಾರ್ಥಿಗಳೊಡನೆ ಕಬ್ಬನ್ ಉದ್ಯಾನದ ಅಂಚಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಬಂದರೆ, ಶಕ 872ರ, ಎಂದರೆ ಕ್ರಿ. ಶ. 949-50ರ ಆತಕೂರಿನ ಶಿಲಾಶಾಸನವನ್ನು ಕಾಣಬಹುದು. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧದ ಕಾಲದಲ್ಲಿ, ಗಂಗ ಬೂತುಗನು ತನ್ನ ಸೇವಕನಾದ ಮಣಲೇರನಿಗೆ ಬೇಡಿದುದನ್ನು ಕೊಡುವೆನೆಂದಾಗ, ಅವನು ಬೇಡಿ ಪಡೆದುದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿಯು ಹಂದಿಯೊಡನೆ ಕಾದಿ ಎರಡೂ ಸತ್ತುವೆಂದು ನೆಟ್ಟ ಕಲ್ಲದು. ಮೇಲೆ ನಾಯಿಗೂ ಹಂದಿಗೂ ನಡೆದ ಕಾಳಗವನ್ನೇ ಕಂಡರಿಸಿದೆ. ಬಿಲ್ಲಿನ ಬಲ್ಮೆಯನ್ನು ಹೊಗಳುವ ಕಲ್ಲಲ್ಲ, ಹತ್ತಿರ ಹೋಗಿ ಹಿಡಿದ ಹಲ್ಲಿನ ಬಲ್ಮೆಯನ್ನು ಹೊಗಳುವ ಕಲ್ಲು. ಹಂದಿಬೇಟೆಯನ್ನು ವರ್ಣಿಸಿದ ಕವಿಗಳನ್ನು ಓದುವವರು ಇದನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು.

ವೀರಗಲ್ಲುಗಳಿಂದ ಅಲಗಿನ ಆಕಾರವನ್ನು ನಿರ್ಣಯಿಸಬಹುದೆ ಎಂಬ ಪ್ರಶ್ನೆಯು ಏಳುವುದು. ಬೆಂಗಳೂರಿನ ಪೂರ್ವದಲ್ಲಿ ಕೃಷ್ಣರಾಜಪುರದ ಸೀಮೆಯ ಹಳೆಯ ಊರುಗಳಲ್ಲಿ, ಇಂದು ಮನೆಗಳ ನಡುವೆ ಸಿಕ್ಕಿಕೊಂಡಿರುವ ಕೆರೆಯ ಏರಿ, ಗುಡಿಯಂಗಳಗಳಲ್ಲಿ, ಇಂತಹ ಕಲ್ಲುಗಳಿವೆ. ರೈಸರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ಣಾಟಿಕದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದಾಗ ಅಕ್ಷರವಿದ್ದುವೇ ಮುಖ್ಯವಾಗಿ ಅವರ ಗಮನಕ್ಕೆ ಬಂದುವು. ಅಕ್ಷರವಿಲ್ಲದ ಕಲ್ಲುಗಳಿಗೆ ಅಷ್ಟು ಆದರವಿರಲಿಲ್ಲ. ಈಚೆಗೆ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಶಿಲೆಗಳನ್ನು ಮೂರು ಆಯಾಮಗಳಲ್ಲಿ ಸೂಕ್ಷ್ಮವಾಗಿ ಪ್ರತಿಬಿಂಬಿಸಿಡುವ ಕಾರ್ಯವನ್ನು ಕೈಗೊಂಡಿರುವುದರಿಂದ, ಸವೆದ ಗೆರೆಗಳನ್ನೂ ಪರಿಶೀಲಿಸುವ ಅನುಕೂಲವು ಒದಗಿದೆ. ಆದರೆ ಈ ಸಾಕ್ಷ್ಯಕ್ಕೆ ಒಂದು ಮಿತಿಯುಂಟು. ಹೆದೆಗೆ ಹೂಡಿದ ಅಂಬಿನಲ್ಲಿ ಶಿಲ್ಪಿಯು ಅಲಗನ್ನು ತೋರಿಸಬಲ್ಲನು. ಬಿದ್ದ ವೀರನ ಮೈಯಲ್ಲಿ ನಾಟಿದ ಅಂಬುಗಳಲ್ಲಾದರೋ ಕೋಲೂ ಗರಿಯೂ ಹೊರಗುಳಿದಿರುವುವು. ಅಲಗು ಒಳಗೆ ಅಡಗಿರುವುದು. ಕೆಲಸ ಮಾಡಿದ ಅಲಗು ಕಾಣುವುದಿಲ್ಲ, ಕಾಣುವ ಅಲಗು ಇನ್ನೂ ಕೆಲಸ ಮಾಡಿಲ್ಲ. ದೂರದ ಅಳತೆಯಂತೂ ಎರಡು ಮೊಳದ ಕಲ್ಲಿನಲ್ಲಿ ಸಿಕ್ಕುವಂತಹುದಲ್ಲ. ಎಸೆದವನೂ ಎಸೆಯಲ್ಪಟ್ಟವನೂ ಅಲ್ಲಿ ಮುಖಕ್ಕೆ ಮುಖ ತಾಗುವಂತೆ ನಿಂತಿರುವರು.

ಅಲಗಿನ ಆಯ್ಕೆಯನ್ನು ಅರಿತು ಬರೆದ ಕವಿಗೆ ಉದಾಹರಣೆಯಾಗಿ ರಘುವಂಶದ ಒಂಬತ್ತನೆಯ ಸರ್ಗದ ದಶರಥಮೃಗಯೆಯನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸಬೇಕು. ಸರ್ಗವನ್ನು ಯಮಕದ ಚಮತ್ಕಾರಕ್ಕಾಗಿ ಓದಿಸುವ ರೂಢಿ ಬಲವಾಗಿರುವುದರಿಂದ ಉತ್ತರಭಾಗಕ್ಕೆ ಬರುವ ವೇಳೆಗೆ ಅಧ್ಯಾಪಕರೂ ದಣಿದಿರುತ್ತಾರೆ. ಅಲ್ಲಿ ಕಾಡುಕೋಣದ ಕಣ್ಣಿನೊಳಹೊಕ್ಕ ಅಂಬು ಮೈಯನ್ನು ಭೇದಿಸಿ, ಬುಡದ ಭಾಗಕ್ಕೆ ರಕ್ತ ಸೋಕದಂತೆ ಹೊರಟು, ಮೃಗವನ್ನು ಮೊದಲು ಬೀಳಿಸಿ ತಾನು ಆಮೇಲೆ ಬೀಳುವುದು; ಅಲ್ಲಿ ಕವಿಯು ‘ಪತ್ರೀ’ ಎಂಬ ಸಾಮಾನ್ಯಶಬ್ದವನ್ನು ಬಳಸಿರುವನು. ಮುಂದೆ ಖಡ್ಗಮೃಗಗಳು ಬಂದೊಡನೆ ಶಬ್ದವು ಬದಲಾಗುವುದು: ರಾಜನು ಹರಿತವಾದ ಕ್ಷುರಪ್ರಗಳಿಂದ ಅವುಗಳ ಕೊಂಬನ್ನು ಕಡಿದು ತಲೆಯನ್ನು ಹಗುರಮಾಡುವನು. ಉದ್ಧತರನ್ನು ಅಡಗಿಸುವ ಅಧಿಕಾರವುಳ್ಳ ಅವನು ಪರರ ಎತ್ತರದ ಶೃಂಗವನ್ನು ಸಹಿಸನು, ಅವರ ದೀರ್ಘಾಯುಸ್ಸನ್ನಲ್ಲ ಎಂಬುದು ಕವಿಯು ಕೊಡುವ ಕಾರಣ. ಶೃಂಗವೆಂದರೆ ಕೊಂಬೂ ಹೌದು, ಪ್ರಾಧಾನ್ಯವೂ ಹೌದು. ಈ ಶ್ಲೇಷವೆಲ್ಲವೂ ಮೃಗಗಳು ಸಾಯದೆ ಉಳಿದುವೆಂಬುದರ ಮೇಲೆ ನಿಂತಿದೆ. ಅವು ಉಳಿಯಬೇಕಾದರೆ ಅಂಬು ಚುಚ್ಚುವುದಾಗಿರದೆ ಕೊಯ್ಯುವುದಾಗಿರಬೇಕು. ಇಲ್ಲಿ ‘ಬಾಣವಿಶೇಷಗಳಿಂದ’ ಎಂದು ಅರ್ಥ ಬರೆದುಕೊಂಡ ವಿದ್ಯಾರ್ಥಿಯು ಖಡ್ಗಮೃಗಗಳನ್ನು ಕೊಂದೇ ತೀರುವನು, ರಾಜನೀತಿಯ ಧ್ವನಿಯೂ ಅವುಗಳೊಡನೆ ಸಾಯುವುದು.

ಚಮರಮೃಗಗಳ ವಿಷಯವೂ ಹೀಗೆಯೇ. ಕಿವಿಯವರೆಗೆ ಸೆಳೆದು ಭಲ್ಲಗಳ ಮಳೆಗರೆದ ರಾಜನು ಅವು ಬಿಳಿಯ ಬಾಲಗಳನ್ನು ಕಳೆದುಕೊಂಡೊಡನೆ, ಸೋತ ಅರಸರ ಚಾಮರಗಳನ್ನು ಕಿತ್ತುಕೊಂಡವನಂತೆ ಶಾಂತನಾಗುವನು. ಭಲ್ಲವು ಹೃದಯಕ್ಕೆಂದು ಶಾರ್ಙ್ಗಧರನು ಹೇಳಿದುದಕ್ಕೆ ಇದು ವಿರುದ್ಧವಲ್ಲವೇ ಎಂದು ಕೇಳಬಹುದು. ಭಾರತದಲ್ಲಿಯೂ ಭಲ್ಲದಿಂದ ತಲೆಯನ್ನೂ ಬಿಲ್ಲನ್ನೂ ಕತ್ತರಿಸಿದ ಪ್ರಸಂಗಗಳು ಹೇರಳವಾಗಿವೆ. ಆದುದರಿಂದ ಭಲ್ಲವು ಎರಡು ಪಕ್ಕಗಳಲ್ಲೂ ಬಾಯುಳ್ಳ, ಚುಚ್ಚುವುದಕ್ಕೂ ಕೊಯ್ಯುವುದಕ್ಕೂ ಒದಗುವ ಅಗಲವಾದ ಅಲಗೆಂದು ಗ್ರಹಿಸಬೇಕು. ಶಾಸ್ತ್ರವು ಅದರ ಒಂದು ವಿನಿಯೋಗವನ್ನು ಹೇಳಿತು, ಕವಿಗಳು ಇನ್ನೊಂದನ್ನು ಕಂಡರು. ಕಾಳಿದಾಸನಿಗಿಂತ ಸುಮಾರು ಸಾವಿರ ವರ್ಷ ಈಚಿನ ಸಂಕಲನದಿಂದ ಕಾಳಿದಾಸನನ್ನು ತಿದ್ದಹೊರಡುವುದು ಹಾಸ್ಯಾಸ್ಪದ.

ಈ ಸರ್ಗದಲ್ಲಿ ಕಾಣದ ಗುರಿಗೆ ಮಾಡಿದ ಎಸುಗೆಯು ಒಂದೇ ಒಂದು. ತಮಸಾನದಿಯಲ್ಲಿ ಕೊಡವು ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ದಶರಥನು ಶಬ್ದವನ್ನು ಹಿಡಿದು ಹೋಗುವ ಅಂಬನ್ನು ಬಿಡುವನು. ಕಾಡಾನೆಯನ್ನು ಕೊಲ್ಲುವುದು ಅರಸನಿಗೆ ನಿಷಿದ್ಧವೆಂದು ಕವಿಯು ಮರೆಯದೆ ಎಚ್ಚರಿಸಿರುವನು. ಇದುವರೆಗೆ ಮೃಗಕ್ಕೆ ತಕ್ಕಂತೆ ಕ್ಷುರಪ್ರವೆಂದೂ ಭಲ್ಲವೆಂದೂ ಆರಿಸಿ ಆರಿಸಿ ಹೇಳಿದ ಕವಿಯು ಇಲ್ಲಿ ಬರಿಯ ‘ಇಷು’ ಎಂದು ನಿಲ್ಲಿಸಿದನು. ಗುರಿಯು ಏನೆಂದು ತಿಳಿಯದವನು ಅಲಗನ್ನು ಹೇಗೆ ಆರಿಸುವನು? ಅಲಗು ಕಾಣಿಸಿಕೊಳ್ಳುವುದು ಆಮೇಲೆ, ‘ಶಲ್ಯ’ವೆಂಬ ಹೆಸರಿನಿಂದ, ಮುನಿಕುಮಾರನ ಮೈಯೊಳಗೆ, ಅದನ್ನು ಕಂಡ ಅರಸನು ತಾನೂ ಒಳಗೆ ಶಲ್ಯ ನೆಟ್ಟವನಂತಾದನು. ಕೊನೆಗೆ ಆ ಕುರುಡ ದಂಪತಿಗಳು ಹೊಡೆದವನ ಕೈಯಿಂದಲೇ ಮಗನ ಎದೆಯ ಶಲ್ಯವನ್ನು ಕೀಳಿಸುವರು, ಮಗನು ಪ್ರಾಣಬಿಡುವನು. ಶಲ್ಯವಿರುವವರೆಗೆ ಜೀವವಿದ್ದು, ತೆಗೆದೊಡನೆ ಹೋಗುವ ಮರ್ಮಗಳಿಗೆ ಸುಶ್ರುತನು ವಿಶಲ್ಯಘ್ನವೆಂದು ಹೆಸರಿಟ್ಟಿರುವನೆಂಬುದನ್ನು ಇಲ್ಲಿ ಎತ್ತುವ ವ್ಯಾಖ್ಯಾನಕಾರರು ಇರಬಹುದು. ಆ ಮೂರು ಮರ್ಮಗಳೂ ತಲೆಯಲ್ಲಿರುವುವು, ಎದೆಯಲ್ಲಲ್ಲ. ಆಯುರ್ವೇದದ ನೆರವಿಲ್ಲದೆಯೇ ಶ್ಲೋಕವು ತಾನಾಗಿ ನಿಲ್ಲುವುದು. ಈ ಎರಡು ಶ್ಲೋಕಗಳಲ್ಲಿ ‘ಶಲ್ಯ’ಕ್ಕೆ ‘ಬಾಣ’ವೆಂದಷ್ಟೇ ಅರ್ಥ ಬರೆದಿರುವ ಪಠ್ಯಪುಸ್ತಕಗಳು ಮುಂದಿನ ಮುದ್ರಣದಲ್ಲಿ ಅದನ್ನು ‘ಒಳಗೆ ನೆಟ್ಟುಕೊಂಡ ಅಂಬಿನ ಅಲಗು’ ಎಂದು ತಿದ್ದಿಕೊಳ್ಳಬೇಕೆಂದು ಸೂಚಿಸುವೆವು.